ತಡೆದದ್ದಕ್ಕೆ ಕಾಲಮ್ ಇಲ್ಲ

ಕಾನ್ವೆಂಟಿನ ಸಿಸ್ಟರುಗಳ ಕೈಯಲ್ಲಿ ಕಲಿತವಳು ನಾನು. ಚಮಚದಿಂದ ಹಿಡಿದು ಹುಡುಗಿಯರವರೆಗೆ ಎಲ್ಲವನ್ನೂ ದಿನಕ್ಕೆರಡು ಸಲ ಎಣಿಸುತ್ತೇನೆ. ಕೊಪ್ಪಳದ ಈ ಬಾಲಕಿಯರ ಹಾಸ್ಟೆಲಿಗೆ ವಾರ್ಡನ್ ಆಗಿ ಬಂದಂದಿನಿಂದ ಒಂದು ಚಮಚವೂ ಕಳೆದಿಲ್ಲ. ಆದರೂ ವರ್ಷಕ್ಕೊಮ್ಮೆಯಾದರೂ ಲೆಕ್ಕ ನನ್ನೆದುರೇ ನಗೆಪಾಟಲಾಗುತ್ತದೆ. ಈ ಸಲದ ಸರದಿ ನಮ್ಮ ಬಾಸ್ಕೆಟ್‌ಬಾಲ್ ತಂಡದ್ದು.

೧. ಮಾಸ್ತರರ ಹಾಳೆ

ಆಟದ ಮಾಸ್ತರು ಹೊಸಬರು. ಬಂದ ವಾರವೇ ದೊಡ್ಡ ಹಾಳೆಗೆ ಗೆರೆ ಹೊಡೆದರು. ಬಾಸ್ಕೆಟ್ ಹಾಕಿದರೆ ಕೂಡಿಸು. ಗುರಿ ತಪ್ಪಿದರೆ, ಬಾಲ್ ಬಿಟ್ಟುಕೊಟ್ಟರೆ, ಫೌಲ್ ಮಾಡಿದರೆ ಕಳೆ. ಉಳಿದದ್ದು ಹುಡುಗಿಯ ‘ದಕ್ಷತೆ’. ನಾಲ್ಕು ತಾಲೂಕುಗಳ ಪಂದ್ಯಕ್ಕೆ ಅದನ್ನು ನೋಡಿಯೇ ತಂಡ ಆರಿಸುತ್ತೇನೆ ಎಂದರು.

“ಎಲ್ಲಾರಕಿಂತ ಕೆಳಗ ಬೇವೂರಾಕಿ ಅದಾಳ್ರಿ ಮೇಡಂ. ಸೊನ್ನಿಗಿಂತ ಕಡಿಮಿ. ಈಕಿನ್ನ ಬಿಡೂದ ಛಲೋ.”

ಬೇವೂರಿನ ಆ ಹುಡುಗಿ ಕಂಬದ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಮನೆಯವರು ಕುರಿ ಕಾಯುವವರು. ಅವರ ಮನೆತನದಲ್ಲಿ ಆಟದ ಜರ್ಸಿ ತೊಟ್ಟವಳು ಇವಳೊಬ್ಬಳೇ. ಅದನ್ನು ಮಡಚಿ ದಿಂಬಿನ ಕೆಳಗಿಟ್ಟುಕೊಂಡೇ ಮಲಗುತ್ತಿದ್ದಳು.

“ಅವಳು ಎದುರು ನಿಂತಾಗ ಯಾರೂ ಬಾಸ್ಕೆಟ್ ಹಾಕಿದ್ದನ್ನು ನಾನು ಕಂಡಿಲ್ಲವಲ್ಲ ಮಾಸ್ತರೇ?”

“ಅದು ಖರೇರಿ. ಆದ್ರ ಅದಕ್ಕ ಕಾಲಮ್ ಇಲ್ರಿ.”

೨. ಅಂಕ ಕಾಯ್ದವಳು

ಹಾಳೆಯಲ್ಲಿ ಮೊದಲ ಸ್ಥಾನ ಮುನಿರಾಬಾದ್ ಕಾಲೊನಿಯ ಹುಡುಗಿಯದು. ಕುಷ್ಟಗಿಯವರೊಡನೆ ಅಭ್ಯಾಸದ ಪಂದ್ಯ. ನಾವು ಒಂದು ಪಾಯಿಂಟ್ ಹಿಂದೆ, ಕೊನೆಯ ಗಳಿಗೆ, ಬಾಲ್ ಅವಳ ಕೈಯಲ್ಲಿ. ಅವಳು ಅದನ್ನು ಬಿಸಿ ಹಂಚಿನಂತೆ ಪಕ್ಕದವಳ ಕೈಗೆ ದಾಟಿಸಿದಳು. ಸೀಟಿ ಮೊಳಗಿತು, ಸೋತೆವು.

“ಯಾಕೆ ಎಸೆಯಲಿಲ್ಲ?” ಎಂದೆ.

“ದೂರಿತ್ರಿ ಮೇಡಂ. ತಪ್ಪಿದ್ರ ನನ್ನ ದಕ್ಷತಾ ಇಳೀತಿತ್ರಿ.”

ಅಂದು ಸೋತವರು ನಾವೆಲ್ಲ. ದಕ್ಷತೆಯೊಂದು ಮಾತ್ರ ಗೆದ್ದು ಬಸ್ಸು ಹತ್ತಿತು.

೩. ಅಡುಗೆಯಾಕೆಯ ಪ್ರಶ್ನೆ

ಹಾಳೆಯ ಸುದ್ದಿ ಅಡುಗೆಮನೆಗೂ ಮುಟ್ಟಿತು. ರೊಟ್ಟಿ ಬಡಿಯುತ್ತಲೇ ಅಡುಗೆಯಾಕೆ ಕೇಳಿದಳು:

“ಮೇಡಂರ, ನೀವು ರೊಟ್ಟಿ ಬಡಿಯಂಗಿಲ್ಲ, ಪಾಠ ಹೇಳಂಗಿಲ್ಲ, ಬಾಲೂ ಹಾಕಂಗಿಲ್ಲ. ಬಾಗಲದಾಗ ನಿಂತು ನೋಡ್ತೀರಿ ಅಷ್ಟ. ನಿಮ್ಮ ದಕ್ಷತಾ ಎಷ್ಟ ಬರತೈತ್ರಿ?”

“ನಾನು ಒಂದು ದಿನ ಬಾಗಿಲಲ್ಲಿ ನಿಲ್ಲದಿದ್ದರೆ ಗೊತ್ತಾಗುತ್ತದೆ.”

“ಹಂಗಾರ ಬೇವೂರಾಕೀನೂ ನಿಮ್ಮಂಗ ಆದ್ಲಲ್ರಿ!”

ತಕ್ಷಣ ಮಾಸ್ತರರನ್ನು ಕರೆಸಿ, ಆ ಹುಡುಗಿ ಪಂದ್ಯಕ್ಕೆ ಹೋಗದಿದ್ದರೆ ಹಾಸ್ಟೆಲಿನ ಯಾರೂ ಹೋಗುವುದಿಲ್ಲ ಎಂದೆ. ಅವಳಿಗಾಗಿ ಹೇಳಿದೆನೋ, ನನಗಾಗಿಯೋ, ಅಡುಗೆಯಾಕೆಯನ್ನೇ ಕೇಳಬೇಕು.

೪. ನಳದ ಮುಂದೆ

ಕೊನೆಯ ಪಂದ್ಯ ಗಂಗಾವತಿಯಲ್ಲಿ, ಗಂಗಾವತಿಯವರ ಮೇಲೆಯೇ. ಅವರಲ್ಲೊಬ್ಬಳು ಬಾಗಿಲನ್ನು ಬಗ್ಗಿ ದಾಟುವಷ್ಟು ಎತ್ತರ. ಬೇವೂರಿನವಳಿಗೆ ನಾನು ಹೇಳಿದ್ದು ಒಂದೇ ಮಾತು: “ಆ ಎತ್ತರದವಳನ್ನು ಎಲ್ಲಿಗೂ ಬಿಡಬೇಡ.”

“ಆತ್ರಿ ಮೇಡಂ. ಟಗರು ಹೊಲಕ್ಕ ನುಗ್ಗಿದ ಮ್ಯಾಲೆ ಓಡಿದ್ರ ಏನೂ ಆಗಂಗಿಲ್ರಿ. ಮದಲ ದಾರ್ಯಾಗ ಹೋಗಿ ನಿಂದ್ರಬೇಕ್ರಿ.”

ಹಾಗೆಯೇ ನಿಂತಳು. ಎತ್ತರದವಳು ಹೋದಲ್ಲೆಲ್ಲ ಇವಳು ಮೊದಲೇ ಹಾಜರು. ಒಂದು ಬಾಸ್ಕೆಟ್ಟೂ ಹಾಕಲಿಲ್ಲ, ಹಾಕಲು ಬಿಡಲೂ ಇಲ್ಲ. ಕೊನೆಗೆ ಮುನಿರಾಬಾದಿನವಳು ದಕ್ಷತೆಯ ಆಸೆ ಬಿಟ್ಟು ದೂರದಿಂದಲೇ ಎಸೆದಳು. ಎರಡು ಪಾಯಿಂಟಿನಿಂದ ಗೆದ್ದೆವು. ಕಟ್ಟುನಿಟ್ಟಿನ ನಾನು, ಎಲ್ಲರೆದುರು, ಎದ್ದು ನಿಂತು ಚಪ್ಪಾಳೆ ತಟ್ಟಿದೆ.

ಮಾಸ್ತರು ಹಾಳೆ ಕೂಡಿಸಿ ಪೆಚ್ಚಾದರು. “ಮತ್ತ ಈಕೀದ ಎಲ್ಲಾರಕಿಂತ ಕಡಿಮಿ ಬಂತಲ್ರಿ!”

ಅಷ್ಟರಲ್ಲಿ ಗಂಗಾವತಿಯ ಟೀಚರ್ ಬಂದರು. “ಮೇಡಂ, ನಿಮ್ಮ ಹುಡುಗೀನ್ನ ಕರ್ಕೊಳ್ರಿ. ಆಟ ಮುಗದು ಹತ್ತು ನಿಮಿಷಾತು. ನಮ್ಮಾಕಿ ನೀರು ಕುಡೀಬೇಕಂತಾಳ.”

ಹೋಗಿ ನೋಡಿದರೆ ನಳದ ಮುಂದೆ ಬೇವೂರಿನವಳು ಎರಡೂ ಕೈ ಚಾಚಿ ನಿಂತಿದ್ದಾಳೆ. ಎತ್ತರದವಳು ಎಡಕ್ಕೆ ಸರಿದರೆ ಇವಳೂ ಎಡಕ್ಕೆ, ಬಲಕ್ಕೆ ಸರಿದರೆ ಬಲಕ್ಕೆ.

“ಆಟ ಮುಗಿಯಿತಲ್ಲೇ!”

“ಎಲ್ಲಿಗೂ ಬಿಡಬ್ಯಾಡ ಅಂದಿದ್ರಲ್ರಿ. ಬಿಡು ಅಂತ ಯಾರೂ ಹೇಳಿಲ್ರಿ.”

ಮಾಸ್ತರು ಸ್ಕೇಲ್ ತೆಗೆದು ಹಾಳೆಯ ಅಂಚಿಗೆ ಹೊಸ ಗೆರೆ ಎಳೆದರು. ಮೇಲೆ ‘ತಡೆದದ್ದು’ ಎಂದು ಬರೆದು, ಪೆನ್ನು ಹಿಡಿದು ನನ್ನ ಮುಖ ನೋಡಿದರು.

“ಮೇಡಂ, ನಳದ್ದೂ ಲೆಕ್ಕಕ್ಕ ಹಿಡೀಲೇನ್ರಿ?”

“ಮೊದಲು ಅದನ್ನೇ ಹಿಡಿಯಿರಿ,” ಎಂದೆ.