ಬಿಗಿಯಪ್ಪ ಪೂಜೆಗೆ ಕೂತ ಹಬ್ಬ

"ಕೋವಿ ಎತ್ತಿ ಅಲ್ಲಾಡಿಸು, ಚೋಂದು! ಇನ್ನೂ ಜೋರಾಗಿ! ಒಂದೇ ಒಂದು ಸ್ಕ್ರೂ ಮಿಸುಕಾಡಿದ್ರೆ ಮೀಸೆ ಬೋಳಿಸ್ತೀನಿ!"

ನನ್ನ ಅಣ್ಣ ಪಳಂಗಪ್ಪನ ಮೀಸೆ ಇಂಥ ಎಷ್ಟೋ ಪಂಥಗಳಲ್ಲಿ ಸೋತಿದೆ. ಆದರೂ ಅವನ ಮೂಗಿನ ಕೆಳಗೆ ಸುಖವಾಗಿಯೇ ಇದೆ. ಸೇನೆಯ ವರ್ಕ್‌ಶಾಪಿನಿಂದ ನಿವೃತ್ತನಾಗಿ ಬಂದ ಮೇಲೆ ಅವನು ಸಂಶೋಧಕನಾಗಿದ್ದಾನೆ. ಅದು ತಂಗಿಯಾದ ನನ್ನ, ಮನೆಯವರೆಲ್ಲರ ಗ್ರಹಚಾರ.

ಮೇಜಿನ ಮೇಲೆ ಕುಂಬಳಕಾಯಿ ಗಾತ್ರದ ಯಂತ್ರವೊಂದು ಹಸಿರು ದೀಪ ಉರಿಸುತ್ತಾ ಗುಂಯ್ ಎನ್ನುತ್ತಿತ್ತು. ಅದರ ಹೆಸರು ಬಿಗಿಯಪ್ಪ. ಅದಕ್ಕೆ ಸ್ಕ್ರೂಡ್ರೈವರ್ ಬೇಡ, ಮುಟ್ಟುವುದೂ ಬೇಡ. ಬಿಚ್ಚಿ ತೊಳೆದು ಎಣ್ಣೆ ಹಾಕಿದ ನನ್ನ ಕೋವಿಯನ್ನು ಜೋಡಿಸಿ ಅದರ ಪಕ್ಕಕ್ಕಿಟ್ಟೆವು, ಅಷ್ಟೇ. ಸ್ಕ್ರೂಗಳು ತಾವೇ ತಿರುಗಿ ಬಿಗಿಯಾದವು. ನಾನು ಅಲ್ಲಾಡಿಸಿದೆ. ಏನೂ ಮಿಸುಕಲಿಲ್ಲ!

"ಯಾವ ಸ್ಕ್ರೂ ಸಡಿಲ ಅಂತ ಇದಕ್ಕೆ ಹೇಗಣ್ಣ ಗೊತ್ತಾಗುತ್ತೆ?"

"ಬಹಳ ಸುಲಭ. ಅಲುಗಾಡೋದೆಲ್ಲಾ ಸಡಿಲ ಅಂತ ಕಲಿಸಿದ್ದೀನಿ."

ಆಗಲೇ ನನಗೆ ಅನುಮಾನ ಬರಬೇಕಿತ್ತು. ಆದರೆ ನನ್ನ ತಲೆಯಲ್ಲಿದ್ದದ್ದು ಕಳೆದ ವರ್ಷದ ಅವಮಾನ. ನಮ್ಮ ಕೊಡಗಿನಲ್ಲಿ ಕೈಲ್‌ಪೊಳ್ದ್ ಅಂದರೆ ಆಯುಧಗಳ ಹಬ್ಬ. ಪೂಜೆ ಮುಗಿಸಿ ಊರಿನ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುತ್ತೇವೆ. ಕಳೆದ ಸಲ ನಾನು ಗುರಿ ಹಿಡಿದು ನಿಂತಾಗ ಕೋವಿಯ ಮರದ ಹಿಡಿ ಕಳಚಿ ಕಾಲ ಮೇಲೆ ಬಿತ್ತು. ಊರಿಗೆ ಊರೇ ನಕ್ಕಿತು. ಪಕ್ಕದ ಮನೆಯ ಮುತ್ತಕ್ಕ ಇವತ್ತಿಗೂ ನನ್ನನ್ನು ಕಂಡರೆ, "ಹಿಡಿ ಹುಷಾರು, ಚೋಂದು" ಅನ್ನುತ್ತಾಳೆ. ಈ ವರ್ಷ ಆ ಬಾಯಿ ಮುಚ್ಚಿಸಲೇಬೇಕಿತ್ತು.

ನಮ್ಮ ಮನೆತನದವರೆಲ್ಲ ಕೋವಿಗಳನ್ನು ಹಬ್ಬದ ಮುನ್ನಾದಿನವೇ ಒಟ್ಟಿಗೆ ನಮ್ಮ ಮನೆಯ ಪೂಜಾ ಕೋಣೆಯಲ್ಲಿ ಸಾಲಾಗಿ ಇಡುವುದು ಪದ್ಧತಿ. ಪೂಜೆಗಿಟ್ಟ ಆಯುಧವನ್ನು ಮಂಗಳಾರತಿ ಆಗುವವರೆಗೆ ಯಾರೂ ಮುಟ್ಟುವ ಹಾಗಿಲ್ಲ. ಅಣ್ಣ ಏನು ಮಾಡಿದ ಗೊತ್ತೇ? ಬಿಗಿಯಪ್ಪನಿಗೂ ಗಂಧ ಬಳಿದು, ಹೂವಿಟ್ಟು, ಆ ಸಾಲಿನಲ್ಲೇ ಕೂರಿಸಿದ. ಆರಿಸುವುದನ್ನು ಮರೆತ!

ಬೆಳಿಗ್ಗೆ ಅಡುಗೆಮನೆಯಿಂದ ಅವ್ವನ ಕೂಗು ಕೇಳಿತು.

"ಅಯ್ಯೋ, ಶ್ಯಾವಿಗೆ ಒರಳಿಗೆ ದೆವ್ವ ಹಿಡೀತು!"

ಒರಳಿನ ತಿರುಗಣೆ ತಾನೇ ತಿರುಗಿ ಕೆಳಗಿಳಿಯುತ್ತಿತ್ತು. ಶ್ಯಾವಿಗೆ ತಟ್ಟೆ ತುಂಬಿ, ಕಟ್ಟೆ ತುಂಬಿ, ನೆಲಕ್ಕೆ ಇಳಿಯಿತು. ಅವ್ವನ ಕನ್ನಡಕ ಮಡಚಲು ಬರಲಿಲ್ಲ. ಓಲೆಯ ತಿರುಪು ಎಷ್ಟು ಬಿಗಿಯಾಯಿತೆಂದರೆ, ಅವ್ವ ಕಿವಿ ಹಿಡಿದುಕೊಂಡು ಕುಣಿದಳು.

"ಅಣ್ಣಾ, ಮೊದಲು ಅದನ್ನ ಆರಿಸು!"

"ಮುಟ್ಟಬೇಡ!" ಅವ್ವ ಕಿವಿ ಬಿಡದೆಯೇ ಗದರಿದಳು. "ಪೂಜೆಗಿಟ್ಟದ್ದನ್ನ ಮುಟ್ಟಿದ್ರೆ ಹಿರಿಯರು ಸುಮ್ಮನೆ ಇರ್ತಾರಾ?"

"ಅವ್ವಾ, ಅದು ಆಯುಧ ಅಲ್ಲ!"

"ಗಂಧ ಬಳಿದಾಗ ಹೇಳ್ಬೇಕಿತ್ತು!"

ಆರತಿ ಎತ್ತಬೇಕಾದ ಬಿದ್ದಪ್ಪ ದೊಡ್ಡಪ್ಪ ಬರುವಷ್ಟರಲ್ಲಿ ಪೂಜಾ ಕೋಣೆಯ ಬಾಗಿಲು ಕೀಲು ಬಿಗಿದು ಅರ್ಧ ತೆರೆದಂತೆಯೇ ಸೆಟೆದುಕೊಂಡಿತ್ತು. ದೊಡ್ಡಪ್ಪನ ಹೊಟ್ಟೆ ಅರ್ಧ ಬಾಗಿಲಿಗೆ ಹೇಳಿ ಮಾಡಿಸಿದ್ದಲ್ಲ. ನಾವು ಹಿಂದಿನಿಂದ ತಳ್ಳಿದೆವು. ಬಂದ ನೆಂಟರೆಲ್ಲ ನೋಡುತ್ತಿದ್ದರು. ಮಂಗಳಾರತಿ ಆದದ್ದೇ ತಡ, ಅಣ್ಣ ಬಿಗಿಯಪ್ಪನನ್ನು ಆರಿಸಿ ಬಗಲಲ್ಲಿ ಅವುಚಿಕೊಂಡ.

"ಮೈದಾನಕ್ಕೆ ಅದು ಯಾಕಣ್ಣ?"

"ನೀನು ಗೆದ್ದಾಗ ಎಲ್ಲರೂ ಕೇಳ್ತಾರೆ, ತೋರಿಸ್ಬೇಕಲ್ಲ!"

ಮೈದಾನದಲ್ಲಿ ಈ ಸಲ ಕಾಯಿ ಗಾಳಿಗೆ ಬೀಳದಿರಲೆಂದು ಮರದ ತುದಿಯಲ್ಲಿ ಕಬ್ಬಿಣದ ಪಟ್ಟಿಯಿಟ್ಟು ಬೋಲ್ಟು ಹಾಕಿ ಕೂರಿಸಿದ್ದರು. ಬಹುಮಾನ ಹೊಚ್ಚಹೊಸ ಕುಕ್ಕರ್. ಮೈಕಿನಲ್ಲಿ ಮೊದಲು ನನ್ನ ಹೆಸರೇ ಬಂತು. ಮುತ್ತಕ್ಕ ಮುಂದಿನ ಸಾಲಿನಲ್ಲಿ ತನ್ನ ಕೋವಿ ಹಿಡಿದು ನಿಂತಿದ್ದಳು.

ನಾನು ಗುರಿ ಹಿಡಿದೆ. ಉಸಿರು ಬಿಗಿಹಿಡಿದೆ. ಟ್ರಿಗರ್ ಎಳೆದೆ.

ಟ್ರಿಗರ್ ಜಗ್ಗಲಿಲ್ಲ! ಎರಡು ಬೆರಳಿನಿಂದ ಎಳೆದೆ, ಕೆಂಪಾದದ್ದು ಬೆರಳು ಮಾತ್ರ. ಅಲುಗಾಡೋದೆಲ್ಲಾ ಸಡಿಲ ತಾನೇ? ಟ್ರಿಗರ್ ಇರುವುದೇ ಅಲುಗಾಡುವುದಕ್ಕೆ! ದೊಡ್ಡಪ್ಪ ತಮ್ಮ ಕೋವಿ ಪರೀಕ್ಷಿಸಿದರು. ಅದೂ ಒನಕೆಯ ಹಾಗಾಗಿತ್ತು. ನಮ್ಮ ಮನೆತನದ ಒಂದು ಕೋವಿಯೂ ಬಾಯಿಬಿಡುವಂತಿರಲಿಲ್ಲ.

"ಚೋಂದು, ಈ ಸಲ ಹಿಡಿ ಗಟ್ಟಿಯಾಗಿದೆ!" ಮುತ್ತಕ್ಕ ಕೂಗಿದಳು.

ಮೈದಾನ ಗೊಳ್ಳೆಂದಿತು. ಮೈಕಿನವನು ನಕ್ಕದ್ದು ಮೈಕಿನಲ್ಲೇ ಕೇಳಿತು. ನನ್ನ ಕಿವಿ ಬಿಸಿಯಾಯಿತು, ಕಣ್ಣಲ್ಲಿ ನೀರು ಬಂತು. ಕಳೆದ ವರ್ಷ ನಾನೊಬ್ಬಳೇ ತಲೆ ತಗ್ಗಿಸಿದ್ದೆ. ಈಗ ಎಂಬತ್ತು ದಾಟಿದ ದೊಡ್ಡಪ್ಪನೂ ನನ್ನ ಪಕ್ಕ ತಲೆ ತಗ್ಗಿಸಿ ನಿಂತಿದ್ದರು. ಅವರ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

"ಹೆದರಬೇಡಿ! ಉಲ್ಟಾ ತಿರುಗಿಸಿದ್ರೆ ಸರಿಹೋಗುತ್ತೆ!" ಅಣ್ಣ ಬಿಗಿಯಪ್ಪನನ್ನು ನಮ್ಮ ಜೀಪಿನ ಮೇಲಿಟ್ಟು ಗುಂಡಿಯನ್ನು ಎಡಕ್ಕೆ ತಿರುಗಿಸಿದ. ಬರೀ ಸ್ವಲ್ಪ ಅಲ್ಲ, ಪೂರ್ತಿ!

"ಅಣ್ಣಾ, ಬೇಡ!"

ಕೆಂಪು ದೀಪ ಹತ್ತಿತು. ಮೊದಲು ಮುತ್ತಕ್ಕನ ಕೋವಿಯ ಹಿಡಿ ಧೊಪ್ಪೆಂದು ಬಿತ್ತು. ಆಮೇಲೆ ಅವಳ ಗಂಡನದ್ದು. ಆಮೇಲೆ ಸಾಲಾಗಿ ಇಡೀ ಊರಿನದ್ದು! ಮೈಕಿನ ಕಂಬ ಮೊಣಕಾಲೂರಿತು. ಸ್ಪರ್ಧೆಯ ಅಧ್ಯಕ್ಷರ ಕಬ್ಬಿಣದ ಕುರ್ಚಿ ನಾಲ್ಕು ದಿಕ್ಕಿಗೆ ಹರಡಿ, ಅಧ್ಯಕ್ಷರು ಮಾತ್ರ ನಡುವೆ ಉಳಿದರು. ಜೀಪಿನ ಬಾಗಿಲುಗಳು ಒಂದೊಂದಾಗಿ ಕಳಚಿದವು.

"ಆರಿಸೋ, ಪಳಂಗ!" ದೊಡ್ಡಪ್ಪ ಗುಡುಗಿದರು.

ಆರಿಸುವುದು ಹೇಗೆ? ಬಿಗಿಯಪ್ಪನಿಗೂ ಸ್ಕ್ರೂಗಳೇ ಅಲ್ಲವೇ! ಅದು ಜೀಪಿನ ಮೇಲೆ ಬಿರಿದು, ಚೂರುಚೂರಾಗಿ ಹುಲ್ಲಿಗೆ ಉರುಳಿತು. ಅದು ಸುಮ್ಮನಾದ ಮೇಲೆ ಮರದ ತುದಿಯಿಂದ ಕಿರ್ರೆಂಬ ಸದ್ದು. ಬೋಲ್ಟು ಬಿತ್ತು, ಅದರ ಹಿಂದೆ ತೆಂಗಿನಕಾಯಿಯೂ ಬಂದು ನನ್ನ ಕಾಲ ಬಳಿ ಎರಡು ಹೋಳಾಯಿತು.

ಕಳೆದ ವರ್ಷ ನಕ್ಕವರೆಲ್ಲ ಈಗ ಮಂಡಿಯೂರಿ ತಂತಮ್ಮ ಸ್ಕ್ರೂ ಹುಡುಕುತ್ತಿದ್ದರು. ನನಗೆ ನಗು ಬರಬೇಕಿತ್ತು. ಬರಲಿಲ್ಲ. ನಾನೂ ಮುತ್ತಕ್ಕನ ಪಕ್ಕದಲ್ಲೇ ಮಂಡಿಯೂರಿ, ನಮ್ಮ ಜೊತೆ ಬಂದಿದ್ದ ಅವ್ವನ ಕಿವಿಯಿಂದ ಉದುರಿದ ಓಲೆಯ ತಿರುಪು ಹುಡುಕುತ್ತಿದ್ದೆ.

"ಹಿಡಿ ಹುಷಾರು, ಮುತ್ತಕ್ಕ" ಅನ್ನಲು ಬಾಯಿ ತೆರೆದೆ. ಅವಳ ಮುಖ ನೋಡಿ ಮುಚ್ಚಿಕೊಂಡೆ. ನನ್ನ ಕಳೆದ ವರ್ಷದ ಮುಖವೇ ಅಲ್ಲಿತ್ತು.

ಅಧ್ಯಕ್ಷರು ನೆಲದ ಮೇಲೆ ಕೂತಲ್ಲಿಂದಲೇ ತೀರ್ಪು ಕೊಟ್ಟರು. ಯಾರ ಸರದಿಯಲ್ಲಿ ಕಾಯಿ ಬೀಳುತ್ತದೋ ಅವರೇ ಗೆದ್ದಂತೆ, ನಿಯಮ ಅಂದರೆ ನಿಯಮ! ಒಂದು ಗುಂಡೂ ಹಾರಿಸದೆ, ನಾಚಿಕೆಯಿಂದ ನೆಲ ನೋಡುತ್ತಾ, ಬಹುಮಾನದ ಕುಕ್ಕರನ್ನು ಮಗುವಿನಂತೆ ಎರಡು ಕೈಯಲ್ಲಿ ಎತ್ತಿಕೊಂಡು ಮನೆಗೆ ಬಂದೆ.

ಅದರ ಹಿಡಿ ಹುಲ್ಲಿನಲ್ಲಿ ಸಿಕ್ಕಿದರೆ ಕಳಿಸಿಕೊಡುತ್ತಾರಂತೆ.