ನಮ್ಮ ಓಣಿಯ ಬಾಯಿಗೆ ನಿಂತ ಬ್ಯಾರಿಕೇಡಿಗೆ

ಮಾನ್ಯರೇ,

ಬಿಸಿಲಿಗೆ ಬೆವರದೆ, ಮಳೆಗೆ ಕೊಡೆ ಕೇಳದೆ ನಮ್ಮ ಓಣಿಯ ಬಾಯಿಗೆ ಅಡ್ಡವಾಗಿ ನಿಂತಿರುವ ತಮಗೆ, ಓಣಿಯ ಒಳಗೆ ಉಳಿದುಹೋದ ಸಮಸ್ತರ ನಮಸ್ಕಾರಗಳು. ತಾವು ಕ್ಷೇಮವೇ ಎಂದು ಕೇಳುವುದಿಲ್ಲ. ಬಾಗಿಲು ತೆರೆದರೆ ಕಾಣುತ್ತೀರಿ.

ತಮ್ಮ ಹೆಸರಿನ ಅರ್ಥ ತಿಳಿಯೋಣವೆಂದು ಮೊಮ್ಮಗಳ ನಿಘಂಟು ತೆರೆದೆ. ಅಪಾಯ ಬಂದಾಗ ಜನ ಕೈಗೆ ಸಿಕ್ಕಿದ ಪೀಪಾಯಿ, ಬಂಡಿ, ಮೇಜು, ಮಂಚಗಳನ್ನು ಅವಸರದಲ್ಲಿ ಒಟ್ಟಿ ದಾರಿಗೆ ಹಾಕುವ ತಡೆ ಎಂದಿತ್ತು. ಅವಸರ ಎಂಬ ಮಾತು ಓದಿ ತುಂಬ ಹೊತ್ತು ನಕ್ಕೆ. ಮನೆಯ ಸೊಸೆ ಸಿಟ್ಟಾಗಿ ಕೋಣೆಯ ಬಾಗಿಲಿಗೆ ಒಳಗಿನಿಂದ ಟ್ರಂಕು ಒತ್ತಿಟ್ಟುಕೊಂಡರೂ ಇದೇ ಮಾತನ್ನು ಬಳಸಬಹುದಂತೆ. ಆದರೆ ನಮ್ಮ ಸೊಸೆ ಊಟದ ಹೊತ್ತಿಗೆ ಟ್ರಂಕು ಸರಿಸುತ್ತಾಳೆ.

ತಾವು ಬಂದದ್ದು ನೀರಿನ ಪೈಪು ಒಡೆದು ಗುಂಡಿ ಬಿದ್ದಾಗ. ಗುಂಡಿ ಮುಚ್ಚಿತು, ಮೇಲೆ ಡಾಂಬರು ಬಿತ್ತು, ಆ ಡಾಂಬರು ಕಿತ್ತೂ ಹೋಯಿತು. ತಾವು ಮಾತ್ರ ಒಂದು ಹೊತ್ತಿನ ಊಟಕ್ಕೆ ಬಂದು ಹಾಸಿಗೆ ಬಿಚ್ಚಿದ ನೆಂಟನಂತೆ ಉಳಿದಿರಿ. ಒಮ್ಮೆ ಗಾಳಿಗೆ ಮಗುಚಿ ಬಿದ್ದಾಗ, ಮಕ್ಕಳ ಮೇಲೆ ಬಿದ್ದೀರೆಂಬ ದಿಗಿಲಿಗೆ ಓಣಿಯವರೆಲ್ಲ ಸೇರಿ ತಮ್ಮ ಕಬ್ಬಿಣದ ಕಾಲುಗಳನ್ನು ಸಿಮೆಂಟಿನಲ್ಲಿ ಹುಗಿದರು. ನಮ್ಮಕ್ಕ ಕಿಟಕಿಯಿಂದಲೇ ಕೂಗಿದಳು: "ಕೀಳ್ರೋ ಅಂದ್ರೆ ನೆಡ್ತಿದೀರಲ್ಲೋ! ಹಂಗೇ ಒಂದು ಬಿಂದಿಗೆ ನೀರೂ ಹಾಕಿ, ಚಿಗುರ್ಲಿ!"

ಅಕ್ಕ ಬಟ್ಟೆ ಹೊಲಿಯುವವಳು, ಈಚೆಗೆ ಮಂಡಿ ಕೊಯ್ಯಿಸಿಕೊಂಡವಳು. ದಿನ ಬಿಟ್ಟು ದಿನ ಆಸ್ಪತ್ರೆಗೆ ಹೋಗಿ ಮಂಡಿ ಮಡಿಸುವ ವ್ಯಾಯಾಮ ಮಾಡದಿದ್ದರೆ ಕಾಲು ಸೆಟೆದುಕೊಳ್ಳುತ್ತದೆ, ಆಮೇಲೆ ಹೊಲಿಗೆ ಯಂತ್ರ ತುಳಿಯುವ ಆಸೆ ಬಿಡಿ ಎಂದಿದ್ದಾರೆ ಡಾಕ್ಟರು. ಆಟೊ ತಮ್ಮವರೆಗೆ ಮಾತ್ರ ಬರುತ್ತದೆ. ಅಕ್ಕ ಹೊಸ್ತಿಲವರೆಗೆ ಮಾತ್ರ ನಡೆಯುತ್ತಾಳೆ. ನಡುವಿನ ಓಣಿಯನ್ನು ಮಡಚಿಡುವ ವಿದ್ಯೆ ನಮಗೆ ಬರದು.

ತಮ್ಮನ್ನು ತಂದಿಟ್ಟ ಕಚೇರಿಗೆ ಹೋದರೆ ಸಾಹೇಬರು, "ಸಿಮೆಂಟ್ ಹಾಕಿದೀರಲ್ಲ ಯಜಮಾನ್ರೇ, ಅದೀಗ ಶಾಶ್ವತ ಕಟ್ಟಡ. ನಾವು ತಾತ್ಕಾಲಿಕದವ್ರು" ಎಂದರು. ಶಾಶ್ವತದ ಕಚೇರಿಯವರು ತಮ್ಮ ತಗಡಿನ ಹೊಟ್ಟೆಯ ಮೇಲೆ 'ತಾತ್ಕಾಲಿಕ' ಎಂದು ಬರೆದಿರುವುದನ್ನು ನೆನಪಿಸಿ ಕೈಮುಗಿದರು. ಎರಡು ಕಚೇರಿಗಳ ಕೈಗೂ ಸಿಗದೆ ಬದುಕುವ ಈ ಕಲೆಯನ್ನು ದಯವಿಟ್ಟು ನಮಗೂ ಕಲಿಸಿ. ತೆರಿಗೆಯವರು ಬಂದಾಗ ಉಪಯೋಗಕ್ಕೆ ಬಂದೀತು.

ಕೊನೆಗೆ ಕಳೆದ ವಾರ ಅಕ್ಕ ನಿಘಂಟಿನ ಮಾತನ್ನೇ ನಡೆಸಿದಳು. ಅವಳು ಕಿಟಕಿಯಲ್ಲಿ ಕೂತು ಅಪ್ಪಣೆ ಕೊಟ್ಟ ಹಾಗೆ, ನಾವು ಅವಳ ಇಸ್ತ್ರಿ ಮೇಜು, ಬಟ್ಟೆಯ ಪೆಟ್ಟಿಗೆ, ಹೊಲಿಯಲು ಕೂರುವ ಕುರ್ಚಿ ಎಲ್ಲವನ್ನೂ ಹೊತ್ತು, ತಮ್ಮಾಚೆಗಿನ ದೊಡ್ಡ ರಸ್ತೆಯಲ್ಲಿ, ಸಾಹೇಬರ ಕಾರು ಬರುವ ದಾರಿಗೆ ಅಡ್ಡ ಒಟ್ಟಿದೆವು. ಚಹಾ ಆರುವ ಮೊದಲೇ ಎರಡೂ ಕಚೇರಿಗಳ ಲಾರಿಗಳು ಬಂದವು. "ದಾರಿಗೆ ಅಡ್ಡ ಇಡೋಕೆ ಇದೇನು ನಿಮ್ಮಪ್ಪನ ಮನೆ ಅಂಗಳಾನಾ?" ಎಂದು ಸಾಹೇಬರು, ಮಾನ್ಯರೇ, ತಮ್ಮ ಹೆಗಲ ಮೇಲೇ ಕೈಯೂರಿ ನಿಂತು ಗದರಿದರು. ಅಕ್ಕನ ಸಾಮಾನೆಲ್ಲ ಲಾರಿ ಏರಿತು. ತಮಗೆ ಒಂದು ಗೀರೂ ಆಗಲಿಲ್ಲವೆಂಬುದು ಸಮಾಧಾನದ ಸಂಗತಿ.

ಆದುದರಿಂದ ಅರಿಕೆ: ತಾವು ಕದಲಲಾರಿರಿ ಎಂದಾದರೆ ಆಸ್ಪತ್ರೆಯನ್ನೇ ಓಣಿಯೊಳಕ್ಕೆ ಕರೆಸಿಕೊಡಿ. ಅದೂ ಕಷ್ಟವಾದರೆ, ಅಕ್ಕನ ಮಂಡಿಯನ್ನು ತಾವು ಇಟ್ಟುಕೊಂಡು ತಮ್ಮ ಕಾಲು ಅವಳಿಗೆ ಕೊಡಿ. ಹೇಗೂ ಎರಡೂ ಈಗ ಒಂದೇ ಸಮನಾಗಿ ಮಡಚುತ್ತವೆ.

ತಮ್ಮ ನೆರಳಿನಲ್ಲೇ ದಿನ ನೂಕುತ್ತಿರುವ,
ತಮ್ಮ ವಿಶ್ವಾಸಿ,
ಹೊಲಿಗೆಯಕ್ಕನ ತಮ್ಮ

ತಾ.ಕ.: ಲಾರಿಯಲ್ಲಿ ಹೋದ ಅಕ್ಕನ ಕುರ್ಚಿ ಮೆತ್ತಗಿದೆಯೆಂದು ಸಾಹೇಬರೇ ಈಗ ಅದರಲ್ಲಿ ಕೂರುತ್ತಾರೆಂದು ಕಚೇರಿಯ ಜವಾನ ಹೇಳಿದ. ಅದರ ಹಿಂಗಾಲು ಸಡಿಲ. ಹದವಾಗಿ ಕೂರುವುದು ಅಕ್ಕನಿಗೊಬ್ಬಳಿಗೇ ಗೊತ್ತು. ಹೋಗಿ ತಿಳಿಸಿ ಬರಲೇ ಎಂದರೆ ಅಕ್ಕ ಬೇಡವೆಂದಳು: "ಸುಮ್ನಿರೋ. ಅವನ ಮಂಡಿ ಹೋದ್ರೆ ಊರಲ್ಲಿ ಒಂದು ಅಡ್ಡಗಂಬಾನೂ ಉಳಿಯಲ್ಲ."