ಅರ್ಧ ಮೀಸೆ ಮತ್ತು ಹೊಸ ಕಂಪ್ಯೂಟರು

ಊರಿನಲ್ಲಿ ಫೋಟೋ ಸ್ಟುಡಿಯೋ ಇಟ್ಟವನಿಗೆ ಎರಡು ಥರದ ಜನರ ಪರಿಚಯವಿರುತ್ತದೆ. ಮನೆಯೊಳಗೆ ಓಡಾಡುವವರು ಒಂದು ಥರ, ಅದೇ ಮನೆಯ ಗೋಡೆಯ ಮೇಲೆ ತೂಗುವವರು ಇನ್ನೊಂದು ಥರ. ಹೆಸರು, ವಿಳಾಸ ಎಲ್ಲ ಒಂದೇ, ಮುಖ ಮಾತ್ರ ಬೇರೆ. ಆ ಎರಡು ಮುಖಗಳ ನಡುವಿನ ದಾರಿಯಲ್ಲಿ ಕೂತು ಹೊಟ್ಟೆ ಹೊರೆಯುವವನು ನಾನು. ಲಕ್ಷ್ಮೇಶ್ವರದ ಬಜಾರಿನಲ್ಲಿರುವ ನನ್ನ ಅಂಗಡಿಯಲ್ಲಿ ಎಷ್ಟೋ ಮಂದಿಯ ಹೊಟ್ಟೆ ಒಳಗೆ ಹೋಗಿದೆ, ಬೋಳು ತಲೆಯ ಮೇಲೆ ಪೈರು ಬಂದಿದೆ. ಒಮ್ಮೆ ಮದುವೆಗೇ ಬಾರದ ಒಬ್ಬ ಕಾಕಾನನ್ನು ಬೀಗರ ಹಿಂದಿನ ಸಾಲಿನಲ್ಲಿ ನಿಲ್ಲಿಸಿಕೊಟ್ಟಿದ್ದೆ. ಆಮೇಲೆ ಆ ಕಾಕಾ ಆಲ್ಬಮ್ ನೋಡುತ್ತ, ಅವತ್ತಿನ ಊಟದಲ್ಲಿ ಮಾದಲಿ ಬಹಳ ಚೆನ್ನಾಗಿತ್ತು ಅಂದರಂತೆ.

ಇಷ್ಟೆಲ್ಲ ನಡೆಯುತ್ತಿದ್ದುದು ಒಂದು ಹಳೆಯ ಕಂಪ್ಯೂಟರಿನಲ್ಲಿ. ಬೆಳಿಗ್ಗೆ ಅದರ ಗುಂಡಿ ಒತ್ತಿ, ಅಂಗಡಿಯ ಕಸ ಹೊಡೆದು, ಬಾಗಿಲಿಗೆ ನೀರು ಹಾಕಿ, ಊದಿನಕಡ್ಡಿ ಹಚ್ಚಿ ಬರುವಷ್ಟರಲ್ಲಿ ಅದು ಕಣ್ಣು ಬಿಡುತ್ತಿತ್ತು. ಒಂದು ಫೋಟೋ ತೆರೆಯಲು ಹೇಳಿ ಎದುರಿನ ಹೋಟೆಲಿಗೆ ಹೋಗಿ ಚಹಾ ಕುಡಿದು ಬಂದರೆ ತಲೆ ಮಾತ್ರ ಮೂಡಿರುತ್ತಿತ್ತು, ಭುಜದಿಂದ ಕೆಳಗೆ ಇನ್ನೂ ಬರಬೇಕು. ಅದರ ಫ್ಯಾನಿನ ಸದ್ದು ಹೇಗಿತ್ತೆಂದರೆ, ನಮ್ಮ ಪಕ್ಕದ ಹಿಟ್ಟಿನ ಗಿರಣಿಗೆ ಹೋಗಬೇಕಾದ ಅಜ್ಜಿಯೊಬ್ಬಳು ಜೋಳದ ಡಬ್ಬಿ ಹಿಡಿದು ನೇರವಾಗಿ ನನ್ನಲ್ಲಿಗೆ ಬಂದು, "ಸಣ್ಣಗ ಬೀಸು ತಮ್ಮಾ" ಎಂದು ಬೆಂಚಿನ ಮೇಲೆ ಕೂತುಬಿಟ್ಟಿದ್ದಳು. ಬೇರೆ ತರೋಣ ಎಂದು ನಾನು ಬಾಯಿ ತೆಗೆದಾಗಲೆಲ್ಲ ನನ್ನ ಹೆಂಡತಿ ಗಿರಿಜಾ, "ನಡ್ಯಾಕತ್ತೈತಲ್ರಿ, ನಡೀಲಿ ಬಿಡ್ರಿ" ಎನ್ನುತ್ತಿದ್ದಳು. ಮನೆಯ ದುಡ್ಡು ಅವಳ ಕೈಯಲ್ಲಿ. ಬಟ್ಟೆಬರೆ ಇಡುವ, ಬಾಗಿಲಿಗೆ ಕನ್ನಡಿ ಇರುವ ಒಂದು ಉಕ್ಕಿನ ಟ್ರೇಜರಿಯ ಮೇಲೆ ಅವಳ ಕಣ್ಣಿತ್ತು.

ಹೀಗಿರುವಾಗ ಈರಣ್ಣ ಬಂದ. ನಮ್ಮೂರಲ್ಲೇ ಪೈಪು, ಪಂಪಿನ ಅಂಗಡಿ ಇಟ್ಟವನು. ತಂಗಿಯರ ಮದುವೆ ಮಾಡಿ ಮುಗಿಸಿ, ಸ್ವಲ್ಪ ತಡವಾಗಿಯೇ ತಾನೂ ಮಾಡಿಕೊಂಡಿದ್ದ. ಶಿರಹಟ್ಟಿಯ ಮಂಟಪದಲ್ಲಿ ನಡೆದ ಆ ಮದುವೆಯ ಫೋಟೋ ತೆಗೆದವನು ನಾನೇ. ಹೆಣ್ಣು ಬೆಳ್ಳಟ್ಟಿಯವಳು. ಅವತ್ತಿನ ಸೆಕೆಗೆ, ಬೆವರು ಒರೆಸಿ ಒರೆಸಿ, ಈರಣ್ಣನ ಮೀಸೆಯ ಬಣ್ಣ ಅಕ್ಷತೆಯ ಹೊತ್ತಿಗಾಗಲೇ ಕರವಸ್ತ್ರಕ್ಕೆ ವರ್ಗವಾಗಿತ್ತು. ಅದನ್ನು ಯಾರೂ ಗಮನಿಸಿರಲಿಲ್ಲ, ನನ್ನ ಕ್ಯಾಮೆರಾ ಗಮನಿಸಿತ್ತು.

"ಸರ್, ಮೀಸಿ ಒಂದೀಟು ನೋಡ್ರಿ" ಎಂದು ಈರಣ್ಣ ಮೆಲ್ಲಗೆ ಹೇಳಿ ನನ್ನ ಹಿಂದೆ ಕುರ್ಚಿ ಎಳೆದುಕೊಂಡು ಕೂತ. ನಾನು ಅವನ ಮುಖವನ್ನು ಪರದೆಯ ತುಂಬ ಹಿಗ್ಗಿಸಿದೆ. ಬಲಗಡೆಯಿಂದ ಶುರುಮಾಡಿ ಒಂದೊಂದೇ ಎಳೆ ಕಪ್ಪು ಮಾಡುತ್ತ ಮೂಗಿನ ಕೆಳಗಿನ ಕಾಲುವೆಯವರೆಗೆ ಬಂದೆ. ಅಲ್ಲಿಗೆ ಕಂಪ್ಯೂಟರು ನಿಂತಿತು. ಬಾಣವೂ ಅಲುಗಲಿಲ್ಲ, ಚಿತ್ರವೂ ಸರಿಯಲಿಲ್ಲ. ಬಲಗಡೆ ಕಾಲೇಜು ಹುಡುಗ, ಎಡಗಡೆ ನಿವೃತ್ತ ಗ್ರಾಮಲೆಕ್ಕಿಗ, ನಡುವೆ ಬಾಸಿಂಗ.

ಸರಿಯಾಗಿ ಆಗಲೇ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದಾಯಿತು. ಸಂತೆಗೆ ಬಂದಿದ್ದ ನೀಲವ್ವ, ಅಂದರೆ ಈರಣ್ಣನ ಅತ್ತೆ, ಮಗಳ ಫೋಟೋ ನೋಡಿಕೊಂಡೇ ಹೋಗೋಣವೆಂದು ಒಳಗೆ ಬಂದರು. ನಾನು ಹೆಗಲ ಮೇಲಿನ ಟವೆಲ್ಲನ್ನು ಪರದೆಯ ಮೇಲೆ ಎಸೆದೆ. ಅದು ಒಂದು ಕ್ಷಣ ನಿಂತಂತೆ ಮಾಡಿ, ಜಾರಿ ಕೀಬೋರ್ಡಿನ ಮೇಲೆ ಬಿತ್ತು. ನೀಲವ್ವ ಚೀಲ ಕೆಳಗಿಟ್ಟು ಪರದೆಯನ್ನು ಚೆನ್ನಾಗಿ ನೋಡಿದರು.

"ಎಡಗಡೀಗಿನವರು ಯಾರ್ರಿ?" ಎಂದರು.

"ನಾನ ಅತ್ತಿ" ಎಂದ ಈರಣ್ಣ, ಹಿಂದಿನಿಂದ.

"ಮತ್ತ ಬಲಗಡೀಗಿನವರು?"

ಈರಣ್ಣ ಮೀಸೆಗೆ ಕೈ ಅಡ್ಡ ಹಿಡಿದ. ನಾನೇ ಬಾಯಿ ಹಾಕಿದೆ. "ಕಂಪ್ಯೂಟರ್ ಕೆಟ್ಟೈತ್ರಿ ಅವ್ವಾರ. ಅರ್ಧ ಮಾರಿ ತನ್ನಷ್ಟಕ್ಕ ತಾನ ಕರ್ರಗ ಮಾಡಾಕತ್ತೈತಿ."

"ಹಂಗಾರ ರಿಪೇರಿ ಮಾಡಿಸಬ್ಯಾಡ್ರಿ" ಎಂದರು ನೀಲವ್ವ. "ಅದನ್ನ ಒಂದ ದಿನ ನಮ್ಮ ಮನಿಗೆ ಕಳಸ್ರಿ. ನಮ್ಮ ಯಜಮಾನ್ರ ಮಾರಿ ಮುಂದ ಇಡೂಣು." ಅಷ್ಟು ಹೇಳಿ, ಮಗಳ ಫೋಟೋ ಯಂತ್ರ ಸುಧಾರಿಸಿದ ಮೇಲೆ ನೋಡುವೆನೆಂದು ಚೀಲ ಎತ್ತಿಕೊಂಡು ಹೊರಟರು. ಮೆಟ್ಟಿಲು ಇಳಿಯುವಾಗ ಅವರ ಭುಜ ಕುಣಿಯುತ್ತಿದ್ದವು.

ಈರಣ್ಣ ಕೀಬೋರ್ಡಿನ ಮೇಲಿನ ಟವೆಲ್ಲು ತೆಗೆದು, ಮಡಿಚಿ ನನ್ನ ಕೈಗೆ ಕೊಟ್ಟ. ಆಮೇಲೆ ಎದ್ದು, "ಸರ್, ಈ ಖಬರ ಬೆಳ್ಳಟ್ಟಿ ಮುಟ್ಟಾಕ ಅವರು ಬಸ್ಸಿನ್ಯಾಗ ಹೋಗೋದೂ ಬ್ಯಾಡ, ಫೋನ್ ಐತಿ" ಎಂದ. "ನಮ್ಮ ತಮ್ಮನ ಲಗ್ನದ ಫೋಟೋನೂ ನಿಮಗ ಹೇಳೂದಿತ್ತು. ಈ ಡಬ್ಬಿ ಇರೂತನಕ ಆಗಂಗಿಲ್ರಿ. ಒಮ್ಮಿ ನನ್ನ ಮಾನ ಹೋಗೇತಿ, ಅವಂದರ ಉಳೀಲಿ." ಸಿಟ್ಟು ಮಾಡಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆ. ಅವನು ಇಷ್ಟನ್ನೂ ನಯವಾಗಿಯೇ ಹೇಳಿ ಹೋದ. ಅದಕ್ಕೇ ಹೆಚ್ಚು ಚುಚ್ಚಿತು.

ಮನೆಯಲ್ಲಿ ಈ ಕತೆ ಹೇಳಿದಾಗ ಗಿರಿಜಾ ರೊಟ್ಟಿ ಬಡಿಯುವುದು ಬಿಟ್ಟು ಹಿಟ್ಟಿನ ಕೈಯಲ್ಲೇ ಗೋಡೆಗೆ ಒರಗಿ ನಕ್ಕಳು. ಈರಣ್ಣನ ತಮ್ಮನ ಮದುವೆಯ ಮಾತು ಬಂದಾಗ ನಗು ನಿಂತಿತು. ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, "ಟ್ರೇಜರಿ ಮುಂದಿನ ವರ್ಷ ನೋಡೂಣು" ಎಂದಳು. ಕಂಪ್ಯೂಟರಿನ ಖರ್ಚು ಎಷ್ಟು ರೂಪಾಯಿಯೊಳಗೆ ಮುಗಿಯಬೇಕು ಎಂದೂ ಹೇಳಿದಳು. ಆ ಗೆರೆಯನ್ನು ದಾಟುವ ಧೈರ್ಯ ನನಗಂತೂ ಇಲ್ಲ, ಮಾರುಕಟ್ಟೆಗೆ ಇದ್ದರೆ ಇರಲಿ.

ಕಂಪ್ಯೂಟರ್ ಕೊಳ್ಳುವ ಸುದ್ದಿ ಗೊತ್ತಾದ ಮೇಲೆ ನನಗೆ ಬಂದಷ್ಟು ಬುದ್ಧಿಮಾತು ಮಗಳಿಗೆ ಗಂಡು ನೋಡುವಾಗಲೂ ಬಂದಿರಲಿಲ್ಲ. ಪಕ್ಕದ ಗಿರಣಿಯವರು, "ಮೋಟರ್ ಎಷ್ಟ ಎಚ್‌ಪಿದು ತರಾವ್ರು?" ಎಂದು ಕೇಳಿದರು. ಆದರೆ ಮುಂಡರಗಿಯಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಗಿರಿಜಾಳ ತಮ್ಮ ಮಂಜುನಾಥ ಇದನ್ನು ತನ್ನದೇ ಜವಾಬ್ದಾರಿ ಎಂದುಕೊಂಡ. ಅವನು ಊಟ ಮಾಡುತ್ತ ಕಂಪ್ಯೂಟರಿನ ವಿಡಿಯೋ ನೋಡುವವನು, ನೋಡುತ್ತ ಊಟ ಮರೆಯುವವನು. "ಮಾವಾರ, ಗ್ರಾಫಿಕ್ಸ್ ಕಾರ್ಡ್ ದೊಡ್ಡದು ಬೇಕ್ರಿ. ಪೆಟಗಿಗೆ ಒಂದ ಮಗ್ಗಲ ಗಾಜ ಇರಬೇಕು, ಒಳಗ ಲೈಟ್ ಇರಬೇಕು" ಎಂದು ಫೋನಿನಲ್ಲಿ ಹೇಳಿದ. ಲೈಟು ಯಾಕೆ ಎಂದು ಕೇಳಲು ನನಗೆ ನಾಚಿಕೆಯಾಯಿತು. ಈ ಕಾಲದಲ್ಲಿ ಕೇಳಬಾರದ ಪ್ರಶ್ನೆಯಿರಬಹುದು ಎಂದುಕೊಂಡೆ.

ಒಂದು ಸೋಮವಾರ ನಾನು, ಗಿರಿಜಾ ಗದಗಿಗೆ ಹೋದೆವು. ಬಸ್ ನಿಲ್ದಾಣದಲ್ಲಿ ಮಂಜುನಾಥ ಕಾದಿದ್ದ. ಗಿರಿಜಾ ತನ್ನ ಬೆಟಗೇರಿ ಸೀರೆ ಉಟ್ಟಿದ್ದಳು. ಮದುವೆಗಲ್ಲ, ಅಂಗಡಿಗೆ ಹೊರಟದ್ದು ಎಂದು ನಾನು ಹೇಳಿದ್ದಕ್ಕೆ, "ದುಡ್ಡು ನಂದು ಹೋಗಾಕತ್ತೈತಿ, ಸೀರಿ ನಂದ ಉಡತೀನಿ" ಎಂದಿದ್ದಳು. ನನ್ನ ಹೆಗಲಲ್ಲಿ ಕ್ಯಾಮೆರಾ ಚೀಲವಿತ್ತು. ಅದಿಲ್ಲದೆ ಹೊರಗೆ ಬಂದರೆ ನನಗೆ ಅಂಗಿ ಇಲ್ಲದೆ ಬಂದ ಹಾಗೆ.

ಅಂಗಡಿಯ ಇಮ್ತಿಯಾಜ್ ಸಾಹೇಬರು ನಮ್ಮನ್ನು ಕೂರಿಸಿ, ನೀರು ಕೊಟ್ಟು, ಮಂಜುನಾಥನ ಮಾತು ಕೇಳುತ್ತಲೇ ಒಂದು ಪೆಟ್ಟಿಗೆಯ ಗುಂಡಿ ಒತ್ತಿದರು. ಒಳಗೆ ಮೂರು ಫ್ಯಾನು ಬಣ್ಣ ಬದಲಿಸುತ್ತ ತಿರುಗತೊಡಗಿದವು. ಗಣಪತಿಯನ್ನು ಕೂರಿಸುವುದೊಂದು ಬಾಕಿ. ನನಗೂ ಆಸೆಯಾಯಿತು, ಸುಳ್ಳು ಯಾಕೆ ಹೇಳಲಿ. ಸ್ಟುಡಿಯೋದ ಮೂಲೆಯಲ್ಲಿ ಇದು ಮಿನುಗುತ್ತಿದ್ದರೆ ದಾರಿಯಲ್ಲಿ ಹೋಗುವವರು ಸುಮ್ಮನೆ ಒಳಗೆ ಬಂದು ಪಾಸ್‌ಪೋರ್ಟ್ ಫೋಟೋ ತೆಗೆಸಿಕೊಂಡು ಹೋದಾರು ಅನ್ನಿಸಿತು.

"ಈ ಲೈಟ್ ಫೋಟೋದಾಗ ಬರತೈತೇನ್ರಿ?" ಎಂದು ಗಿರಿಜಾ ಕೇಳಿದಳು.

"ಇಲ್ರಿ ಅಕ್ಕಾರ" ಎಂದರು ಸಾಹೇಬರು.

"ಮತ್ತ ಯಾರ ಸಲುವಾಗಿ ಹತ್ತತೈತಿ?"

"ನೋಡಾಕ, ಅಕ್ಕಾ" ಎಂದ ಮಂಜುನಾಥ.

"ನೋಡಾವ್ರು ರೊಕ್ಕಾ ಕೊಡತಾರೇನು?" ಎಂದು ಅವಳು ತಮ್ಮನನ್ನು ಕೇಳಿ, ಸಾಹೇಬರಿಗೆ ನಮ್ಮ ಗೆರೆ ಎಲ್ಲಿದೆ ಎಂದು ತಿಳಿಸಿದಳು. ಸಾಹೇಬರು ಗುಂಡಿ ಒತ್ತಿ ದೀಪ ಆರಿಸಿದರು. ಅವರ ಮುಖದ ದೀಪವೂ ಸ್ವಲ್ಪ ಇಳಿಯಿತು. ಆದರೂ ವ್ಯಾಪಾರಸ್ಥರು, ಗಿರಾಕಿಯನ್ನು ಬರಿಗೈಯಲ್ಲಿ ಕಳಿಸುವವರಲ್ಲ. "ಖರೆ ಹೇಳಬೇಕಂದ್ರ ಫೋಟೋದ ಕೆಲಸಕ್ಕ ಇಷ್ಟ ದೊಡ್ಡ ಕಾರ್ಡ್ ಬೇಕಾಗಂಗಿಲ್ರಿ. ಆಟ ಆಡಾವ್ರಿಗೆ ಬೇಕು" ಎಂದರು. ಕಂಪನಿಯೊಂದರ ಕಚೇರಿಯಲ್ಲಿ ಬಳಸಿದ ಕಪ್ಪು ಪೆಟ್ಟಿಗೆಯೊಂದು ಅವರಲ್ಲಿತ್ತು. ಅದಕ್ಕೆ ರ‍್ಯಾಮ್ ಹೆಚ್ಚಿಸಿ, ಹೊಸ ಎಸ್‌ಎಸ್‌ಡಿ ಕೂರಿಸಿಕೊಟ್ಟರೆ ಫೋಟೋ ತೆರೆಯಲು ಚಹಾಕ್ಕೆ ಹೋಗಬೇಕಾಗಿಲ್ಲ, ಉಳಿದ ದುಡ್ಡನ್ನು ಪರದೆಗೆ ಹಾಕಬಹುದು, ಬಣ್ಣ ಖರೆ ತೋರಿಸುವುದು ಪರದೆಯೇ ಎಂದರು. ಮಂಜುನಾಥ ಆ ಕಪ್ಪು ಪೆಟ್ಟಿಗೆಯನ್ನು, ತನಗೆ ತೋರಿಸಿದ ಮೊದಲ ಹೆಣ್ಣನ್ನು ನೋಡಿದ ಹಾಗೆ ನೋಡಿ ಹೊರಗೆ ಹೋಗಿ ನಿಂತ.

ಪರದೆಗಳು ಸಾಲಾಗಿದ್ದವು. ಎಲ್ಲವೂ ಚೆಂದವೇ. ಎಲ್ಲದರಲ್ಲೂ ಒಂದೇ ಗಿಳಿ ಕೂತಿತ್ತು. "ಆ ಗಿಳಿ ನಾವು ನೋಡಿಲ್ಲ. ಅದು ಖರೆ ಹೆಂಗಿತ್ತೋ ಯಾರಿಗೆ ಗೊತ್ತು?" ಎಂದ ಗಿರಿಜಾ ಎದ್ದು ಬಾಗಿಲ ಬೆಳಕಿನಲ್ಲಿ ಸೆರಗು ಹರವಿ ನಿಂತು, "ನನ್ನ ಫೋಟೋ ತಗೀರಿ" ಎಂದಳು. ತೆಗೆದೆ. ಸಾಹೇಬರು ಅದನ್ನು ಒಂದೊಂದೇ ಪರದೆಗೆ ಹಾಕುತ್ತ ಹೋದರು, ಇವಳು ಪ್ರತಿಯೊಂದರ ಪಕ್ಕ ಸೆರಗು ಹಿಡಿದು ನಿಲ್ಲುತ್ತ ಹೋದಳು. ಒಂದರಲ್ಲಿ ಅವಳ ಸೀರೆ ಉಳ್ಳಾಗಡ್ಡಿ ಸಿಪ್ಪೆಯಾಗಿತ್ತು, ಇನ್ನೊಂದರಲ್ಲಿ ಟೊಮೆಟೊ. ಇದು ದಾಳಿಂಬೆ ಬಣ್ಣ ಎಂದು ಗಿರಿಜಾ, ಅಲ್ಲ ಗಜ್ಜರಿ, ಕ್ಯಾರೆಟ್ ಬಣ್ಣ ಎಂದು ಸಾಹೇಬರು, ಕೆಂಪು ಎಂದರೆ ಕೆಂಪು ಎಂದು ಬಾಗಿಲಿನಿಂದ ಮಂಜುನಾಥ. ಪ್ರಿಂಟರಿನ ಇಂಕು ಕೊಳ್ಳಲು ಬಂದಿದ್ದ ಹೆಣ್ಣುಮಗಳೊಬ್ಬಳು ಸೆರಗು ಮುಟ್ಟಿ ನೋಡಿ, ಬೆಟಗೇರಿಯಲ್ಲಿ ಯಾರ ಮಗ್ಗದ್ದು ಎಂದು ವಿಚಾರಿಸಿದಳು. ಅಲ್ಲಿಂದ ಮಾತು ದಡಿಗೆ ಹೋಯಿತು, ದಡಿಯಿಂದ ಇಬ್ಬರಿಗೂ ಪರಿಚಯವಿದ್ದ ಒಬ್ಬ ನಾದಿನಿಗೆ ಹೋಯಿತು. ಸಾಹೇಬರೂ ನಾನೂ ಕೈಕಟ್ಟಿ ನಿಂತೆವು.

ಕೊನೆಗೆ ಮೂಲೆಯಲ್ಲಿದ್ದ, ಹೊಳಪಿಲ್ಲದ ಒಂದು ಪರದೆಯಲ್ಲಿ ಸೀರೆ ಸೀರೆಯಾಗಿಯೇ ಬಂತು. ಎಲ್ಲರೂ ಒಪ್ಪಿದರು. ಗಿರಿಜಾ ಮಾತ್ರ ಸೆರಗು ಬಿಟ್ಟು ಮೇಲೆ ನೋಡುತ್ತಿದ್ದಳು.

"ನಾ ಇಷ್ಟು ಕರ್ರಗ ಅದೀನೇನ್ರಿ?" ಎಂದಳು.

ಮನೆಯ ಗೋಡೆಯ ಮೇಲಿರುವ ಅವಳ ಫೋಟೋಗಳನ್ನೆಲ್ಲ ತಿದ್ದಿದವನು ನಾನು. ಹೌದು ಎಂದರೂ ಕಷ್ಟ, ಇಲ್ಲ ಎಂದರೂ ಕಷ್ಟ. ಕ್ಯಾಮೆರಾ ಚೀಲದ ಜಿಪ್ಪು ಹಾಕುವುದರಲ್ಲಿ ಮಗ್ನನಾದೆ. ಸಾಹೇಬರು ಗಾಬರಿಯಾಗಿ, "ಬ್ಯಾರೆ ಸ್ಕ್ರೀನ್ ತೋರಸ್ಲೇನ್ರಿ ಅಕ್ಕಾರ?" ಎಂದರು. ಅವಳು ಇನ್ನೂ ಸ್ವಲ್ಪ ಹೊತ್ತು ತನ್ನನ್ನೇ ನೋಡಿಕೊಂಡಳು. ಆಮೇಲೆ, "ಬ್ಯಾಡ್ರಿ. ನಮ್ಮವ್ವನ ಹಂಗ ಕಾಣಾಕತ್ತೀನಿ. ಇದನ್ನ ಕಟ್ರಿ" ಎಂದಳು.

ಕಪ್ಪು ಪೆಟ್ಟಿಗೆ ಸದ್ದಿಲ್ಲದೆ ಕೆಲಸ ಮಾಡುತ್ತದೆ. ಮೊದಲ ದಿನ ಓಡುತ್ತಿದೆಯೋ ಇಲ್ಲವೋ ಎಂದು ನಾನು ಕಿವಿಯಿಟ್ಟು ಕೇಳಿದೆ. ಈರಣ್ಣನಿಗೆ ಹೇಳಿ ಕಳಿಸಿದೆ, ಬಂದ. ಮೀಸೆಯ ಇನ್ನರ್ಧ ಕ್ಷಣದಲ್ಲಿ ಮುಗಿಸುತ್ತೇನೆ ಎಂದು ಬೆರಳ ನೆಟಿಗೆ ಮುರಿದೆ. ಅವನು ಸಂಕೋಚದಿಂದ ತಡೆದ. "ಬ್ಯಾಡ್ರಿ ಸರ್. ಅತ್ತಿ ಮನಿಮಂದಿಗೆಲ್ಲಾ ಹೇಳಿ ಆಗೇತಿ. ಮ್ಯಾಲೆ ನಮ್ಮಾಕಿ, ಬಣ್ಣದ ವಾಸನಿಗೆ ತಲಿ ನೋಯತೈತಿ, ಹಚ್ಚಬ್ಯಾಡ್ರಿ ಅಂದಾಳ. ಮೊದಲ ತಗದ ಫೋಟೋದಾಗ ಇದ್ದಂಗ ಇಡ್ರಿ." ಹೀಗೆ, ಟ್ರೇಜರಿ ಬಿಟ್ಟು ತಂದ ಕಂಪ್ಯೂಟರಿನ ಮೊದಲ ಕೆಲಸ ಏನೂ ಮಾಡದಿರುವುದಾಯಿತು. ತಮ್ಮನ ಮದುವೆಯ ಕೆಲಸವನ್ನೂ ಅವನು ಅವತ್ತೇ ಹೇಳಿ ಹೋದ. ಆಲ್ಬಮ್ ನೋಡಿದ ನೀಲವ್ವ, ಅಳಿಯ ಈಗ ನಂಬುವಂತಿದ್ದಾನೆ ಅಂದರಂತೆ.

ಆಮೇಲೆ ಆದದ್ದು ನಾನು ಎಣಿಸದ್ದು. ಮಧ್ಯಾಹ್ನ ಊಟದ ಡಬ್ಬಿ ತರುತ್ತಿದ್ದ ಗಿರಿಜಾ, ನಾನು ಉಣ್ಣುವಷ್ಟು ಹೊತ್ತು ಆ ಪರದೆಯ ಮುಂದೆ ಕೂರತೊಡಗಿದಳು. ಹೇಗೆಂದು ನನ್ನನ್ನು ಕೇಳಿ ಕೇಳಿ ಮೊದಲು ಸೀರೆಗಳ ಬಣ್ಣ ಸರಿಮಾಡಿದಳು, ಆಮೇಲೆ ಮುಖಗಳಿಗೆ ಬಂದಳು. ಅವಳು ಮುಟ್ಟುವುದು ಕಡಿಮೆ. ಮುಖದ ಮೇಲಿನ ನೆರಳು ತೆಗೆಯುತ್ತಾಳೆ, ಮುಖ ತೆಗೆಯುವುದಿಲ್ಲ. ಈಗ ಬಂದವರು ಬಾಗಿಲಲ್ಲೇ, "ಅಕ್ಕಾರ ಅದಾರೇನ್ರಿ?" ಎಂದು ಕೇಳುತ್ತಾರೆ. ಇಲ್ಲವೆಂದರೆ ನಾಳೆ ಬರುತ್ತಾರೆ.

ಮೊನ್ನೆ ಅಂಗಡಿಯ ಹೊಸ ಬೋರ್ಡಿಗೆ ನನ್ನದೊಂದು ಫೋಟೋ ಬೇಕಿತ್ತು. ಕಣ್ಣ ಕೆಳಗಿನ ಚೀಲಗಳನ್ನು ಸ್ವಲ್ಪ ಕಡಿಮೆ ಮಾಡು, ನನಗೂ ಒಂದು ಮರ್ಯಾದೆ ಇದೆ ಎಂದು ಅವಳ ಕಿವಿಯ ಹತ್ತಿರ ಮೆಲ್ಲಗೆ ಹೇಳಿದೆ. ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಕುಂಡ್ರಿ, ನಿಮಗಿಂತ ಮೊದಲ ಬಂದವರು ಅದಾರ" ಎಂದಳು. ಬೆಂಚಿನ ಮೇಲೆ ಕೂತಿದ್ದ ಇಬ್ಬರು ಸರಿದು ನನಗೂ ಜಾಗ ಕೊಟ್ಟರು.